ಮೂರು ದಿನದಕ್ಕ

ಆಸ್ಪತ್ರೆಯ ಗೇಟಿನ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು, ಒಂದು ಕಾಲು ಗಿಡ್ಡವಾದ ಮೇಜು ಹಾಕಿಕೊಂಡು ಕೂರುತ್ತಿದ್ದ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೇನೆಂದು ಆ ಬೀದಿಯಲ್ಲಿ ಯಾರನ್ನು ಕೇಳಿದರೂ ತಲೆ ಕೆರೆದುಕೊಳ್ಳುತ್ತಿದ್ದರು. ಎಲ್ಲರ ಬಾಯಲ್ಲೂ ಅವಳು ಮೂರು ದಿನದಕ್ಕ. ಓದು ಬರಹ ಬಾರದವರ ಆಸ್ಪತ್ರೆ ಫಾರಂ ತುಂಬಿಕೊಡುವುದು ಅವಳ ಕಸುಬು. ಹದಿನಾಲ್ಕು ಪ್ರಶ್ನೆಗಳ ಹಾಳೆ ಅದು. ತುಂಬದಿದ್ದರೆ ಕಿಟಕಿಯ ಹಿಂದೆ ಕೂತ ಗುಮಾಸ್ತ ಚೀಟಿ ಕೊಡುತ್ತಿರಲಿಲ್ಲ, ಚೀಟಿ ಇಲ್ಲದೆ ಡಾಕ್ಟರ ಬಾಗಿಲು ದಾಟುವಂತಿರಲಿಲ್ಲ. ಆಸ್ಪತ್ರೆ ಬಿಟ್ಟಿ, ಔಷಧ ಬಿಟ್ಟಿ, ಅಕ್ಷರ ಮಾತ್ರ ಮನೆಯಿಂದ ತರಬೇಕಿತ್ತು. ಮನೆಯಲ್ಲಿ ಇಲ್ಲದವರು ಅಕ್ಕನ ಮೇಜಿನ ಮುಂದಿನ ಬೆಂಚಿನಲ್ಲಿ ಸಾಲಾಗಿ ಕೂರುತ್ತಿದ್ದರು.

ಆ ಹಾಳೆಯ ಆರನೆಯ ಪ್ರಶ್ನೆ, ತೊಂದರೆ ಎಷ್ಟು ಕಾಲದಿಂದ ಇದೆ ಎಂಬುದು. ಕೆಮ್ಮಿಕೊಂಡು ಯಾರೇ ಬರಲಿ, ಇಪ್ಪತ್ತರ ಹುಡುಗ ಬರಲಿ, ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುವ ಮುದುಕ ಬರಲಿ, ಅವಳು ಅಲ್ಲಿ 'ಮೂರು ದಿನ' ಎಂದು ಬರೆಯುತ್ತಿದ್ದಳು. ಹನ್ನೆರಡು ವರ್ಷ ಅದನ್ನೇ ಬರೆದಳು. ಇದನ್ನು ಸೋಮಾರಿತನ ಎಂದುಕೊಂಡವರು ಆ ಬೀದಿಯವರಲ್ಲ.

ಕಾರಣ ರಸ್ತೆಯ ಆಚೆ ಬದಿಗಿತ್ತು. ಅಲ್ಲಿ ಸಾಲಾಗಿ ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳು. ಒರಟು ಚಪ್ಪಡಿಯಾಗಿ ಲಾರಿಯಲ್ಲಿ ಬಂದ ಕಲ್ಲು ಗರಗಸಕ್ಕೆ ಸಿಕ್ಕಿ, ಉಜ್ಜುವ ಚಕ್ರಕ್ಕೆ ಸಿಕ್ಕಿ, ಮುಖ ಕಾಣುವಷ್ಟು ನುಣುಪಾಗಿ ಯಾರದೋ ಮನೆಯ ನೆಲವಾಗಲು ಹೋಗುತ್ತಿತ್ತು. ಹಿಂದೆ ಉಳಿಯುತ್ತಿದ್ದುದು ಹಿಟ್ಟಿನಂಥ ಬಿಳಿ ಧೂಳು. ಅದು ಬೀದಿಯ ಪಾತ್ರೆಗಳ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ, ಮಲಗಿದ ಮಗುವಿನ ರೆಪ್ಪೆಯ ಮೇಲೆ ಕೂರುತ್ತಿತ್ತು. ಎದೆಯೊಳಗೆ ಹೋಗಿ ಕೂತದ್ದು ಕಣ್ಣಿಗೆ ಕಾಣುತ್ತಿರಲಿಲ್ಲ, ಕಿವಿಗೆ ಕೇಳುತ್ತಿತ್ತು.

ಪ್ರತಿ ಸೋಮವಾರ ಬೆಳಗ್ಗೆ ಶೆಡ್ಡಿನ ಗೇಟಿನಲ್ಲಿ ಮೇಸ್ತ್ರಿ ನಿಂತು ಹೆಸರು ಕೂಗುತ್ತಿದ್ದ. ಕೂಗಿದ ಹೆಸರಿನವರಿಗೆ ಆ ವಾರ ಕೆಲಸ. ಕೂಗದವರು ಯಾಕೆ ಎಂದು ಕೇಳುವಂತಿರಲಿಲ್ಲ, ಕೇಳಿದರೆ ಮುಂದಿನ ಸೋಮವಾರವೂ ಹೋಯಿತು. ಇತ್ತ ಆಸ್ಪತ್ರೆಯಲ್ಲಿ, ಧೂಳಿನ ಕಾಯಿಲೆಯವರನ್ನು ಗುರುತಿಸಿ ಉಪಕಾರ ಮಾಡಬೇಕೆಂದು ಯಾರೋ ಪುಣ್ಯಾತ್ಮರು ಒಂದು ನಿಯಮ ಮಾಡಿದ್ದರು. ಕೆಮ್ಮು ಮೂರು ವಾರ ದಾಟಿದ್ದರೆ ಬಿಳಿ ಚೀಟಿಯ ಬದಲು ಹಳದಿ ಚೀಟಿ. ಹಳದಿ ಚೀಟಿಯವರನ್ನು ಬುಧವಾರ ಎದೆ ಡಾಕ್ಟರು ನೋಡುತ್ತಾರೆ. ಆದರೆ ಬರುವಾಗ, ಎಷ್ಟು ವರ್ಷದಿಂದ ಯಾವ ಕೆಲಸ ಎಂದು ಮಾಲೀಕರಿಂದ ಒಂದು ಪತ್ರ ತರಬೇಕು. ನಿಯಮ ಮಾಡಿದವರು ಒಳ್ಳೆಯವರೇ ಇರಬೇಕು. ಸೋಮವಾರ ಬೆಳಗ್ಗೆ ಆ ಗೇಟಿನ ಮುಂದೆ ಒಂದು ಸಲ ನಿಂತಿದ್ದರೆ ಅವರಿಗೂ ತಿಳಿಯುತ್ತಿತ್ತು.

ಅಕ್ಕ ಮೇಜು ಹಾಕಿದ ಮೊದಲ ತಿಂಗಳು ನಿಜವನ್ನೇ ಬರೆಯುತ್ತಿದ್ದಳು. ಗರಗಸದ ಮೇಲೆ ದುಡಿಯುತ್ತಿದ್ದ ಒಬ್ಬಾತ ಬಂದ. ಎಲ್ಲರೂ ಅವನನ್ನು ಗರಗಸದಜ್ಜ ಎನ್ನುತ್ತಿದ್ದರು, ಆಗ ಅವನಿಗೆ ನಲವತ್ತೈದೂ ಆಗಿರಲಿಲ್ಲ. ಎರಡು ವರ್ಷದಿಂದ ಕೆಮ್ಮು ಎಂದ, ಅವಳು ಎರಡು ವರ್ಷ ಎಂದು ದುಂಡಗೆ ಬರೆದಳು. ಹಳದಿ ಚೀಟಿ ಬಂತು. ಅವನು ಪತ್ರ ಕೇಳಲು ಹೋದ. ಮುಂದಿನ ಸೋಮವಾರ ಅವನ ಹೆಸರು ಕೂಗಲಿಲ್ಲ, ಅದರ ಮುಂದಿನದ್ದೂ ಇಲ್ಲ. ಅವನು ಬಂದು ಅವಳ ಮೇಜಿನ ಮುಂದೆ ನಿಂತ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ.

"ಅಕ್ಷರ ಚೆನ್ನಾಗಿದೆಯಮ್ಮ ನಿಂದು," ಎಂದಷ್ಟೇ ಹೇಳಿ ಹೋದ.

ಅಂದಿನಿಂದ ಮೂರು ದಿನ. ಒಂದು ದಿನ ಎಂದು ಬರೆದರೆ ಒಂದು ದಿನದ ಕೆಮ್ಮಿಗೆ ಆಸ್ಪತ್ರೆ ಯಾಕೆ ಎಂದು ಡಾಕ್ಟರು ಹುಬ್ಬೇರಿಸುತ್ತಾರೆ. ಹತ್ತು ದಿನ ಎಂದರೆ ಇನ್ನೊಂದು ಹತ್ತು ದಿನ ಬಿಟ್ಟು ಬಾ ಎನ್ನುತ್ತಾರೆ, ಬಂದರೆ ಲೆಕ್ಕ ಮೂರು ವಾರಕ್ಕೆ ಹೋಗುತ್ತದೆ. ಮೂರು ದಿನಕ್ಕೆ ಯಾರೂ ತಕರಾರು ಎತ್ತುವುದಿಲ್ಲ. ಒಂದು ಬಾಟಲಿ ಕೆಂಪು ಔಷಧ ಸಿಗುತ್ತದೆ, ಹತ್ತು ಮಾತ್ರೆ ಸಿಗುತ್ತದೆ, ಮಧ್ಯಾಹ್ನದ ಪಾಳಿಗೆ ಹೋಗಬಹುದು. ಬೀದಿಯ ಜನ ಅವಳನ್ನು ಹೊಗಳಿದ್ದೇ ಹೊಗಳಿದ್ದು. ಆರನೇ ಪ್ರಶ್ನೆ ಬಂದಾಗ ಹೆಂಗಸರು ನಗುತ್ತ, "ಅದು ನಿಮಗೇ ಗೊತ್ತಲ್ಲ ಅಕ್ಕ, ಬರ್ಕೊಳ್ಳಿ" ಎನ್ನುತ್ತಿದ್ದರು.

ಪಕ್ಕದಲ್ಲಿ ಇನ್ನೊಂದು ಮೇಜು ಇತ್ತು. ಬಸ್ಸಿನ ಕೆಲಸದಿಂದ ನಿವೃತ್ತನಾದ ಒಬ್ಬ ಕಂಡಕ್ಟರ್ ಅಲ್ಲಿ ಕೂರುತ್ತಿದ್ದ. ಫಾರಮ್ಮನ್ನೂ ಟಿಕೆಟ್ಟಿನಂತೆ ಎರಡು ಬೆರಳಲ್ಲಿ ಹಿಡಿದು ಕೊಡುವ ಆಸಾಮಿ. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದ, ಅದೊಂದು ಅವನಿಗಿದ್ದ ರೋಗ. ಅವನ ಗಿರಾಕಿಗಳಿಗೆ ಹಳದಿ ಚೀಟಿ ಬಂದಿದ್ದೇ ತಡ, ಅವನ ಬೆಂಚು ಖಾಲಿಯಾಯಿತು. ವರ್ಷಗಟ್ಟಲೆ ನೊಣ ಹೊಡೆದ ಮೇಲೆ ಒಂದು ದಿನ ಅಕ್ಕನ ಕಡೆ ಬಗ್ಗಿ, "ಗುಟ್ಟೇನಮ್ಮ?" ಎಂದು ಕೇಳಿದ. ಅಕ್ಕನಿಗೆ ಪಾಪ ಎನ್ನಿಸಿ ಹೇಳಿಕೊಟ್ಟಳು. ಅಲ್ಲಿಂದ ಅವನ ಮೇಜೂ ನಡೆಯಿತು. ಊರಿಗೆ ಉಪಕಾರ ಮಾಡುವವಳಿಗೆ ಒಬ್ಬ ಶಿಷ್ಯ ಸಿಕ್ಕ.

ಅವಳ ಮನೆ ಎಂದರೆ ಶೆಡ್ಡುಗಳ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಅದಕ್ಕೆ ತಗಡಿನ ಒಂದು ಅಡುಗೆಮನೆ. ಗಂಡ ಎಂಬುವನೊಬ್ಬ ಇದ್ದ, ಬೀಡಿ ತರುತ್ತೇನೆಂದು ಹೋದವನು ಹತ್ತೊಂಬತ್ತು ವರ್ಷವಾದರೂ ಬಂದಿರಲಿಲ್ಲ. ಆ ಬೀಡಿ ಎಲ್ಲಿ ಸಿಗುತ್ತದೋ ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಕೋಣೆಯಲ್ಲಿ ಅವಳು, ಅವಳ ತಮ್ಮ, ತಮ್ಮನ ಹೆಂಡತಿ, ಅವರ ಇಬ್ಬರು ಹೆಣ್ಣುಮಕ್ಕಳು. ಅಮ್ಮ ಸತ್ತಾಗ ತಮ್ಮನಿಗೆ ಎರಡು ವರ್ಷ, ಅವಳಿಗೆ ಹದಿಮೂರು. ಶಾಲೆ ಬಿಟ್ಟು ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಮೂವತ್ತನಾಲ್ಕು ತುಂಬಿದ, ಎರಡು ಮಕ್ಕಳ ತಂದೆಯನ್ನು ಇನ್ನೂ 'ಮರಿ' ಎಂದೇ ಕರೆಯುತ್ತಿದ್ದಳು. ಅವನು ಪಾಲಿಶ್ ಚಕ್ರದ ಮೇಲೆ ಕೆಲಸ ಮಾಡುತ್ತಿದ್ದ. ಸಂಜೆ ತಲೆಯಿಂದ ಕಾಲಿನ ತನಕ ಬೆಳ್ಳಗಾಗಿ ಬಂದರೆ ಮಕ್ಕಳು "ತಾತ ಬಂದ" ಎಂದು ಕೂಗುತ್ತಿದ್ದರು, ಅವನೂ ಸೊಂಟ ಬಗ್ಗಿಸಿ, ಇಲ್ಲದ ಕೋಲು ಊರಿಕೊಂಡು ಒಳಗೆ ಬರುತ್ತಿದ್ದ.

ಅವನಿಗೂ ಕೆಮ್ಮು ಶುರುವಾಯಿತು. ಅಕ್ಕನಿಗೆ ಅದು ಓಣಿಯ ನೂರು ಕೆಮ್ಮಿನ ನಡುವೆ ಬೇರೆಯಾಗಿ ಕೇಳುತ್ತಿತ್ತು. ಅವನು ಎಲ್ಲರಂತೆ ಬೆಂಚಿನಲ್ಲಿ ಸರದಿಗೆ ಕೂತ. ತನ್ನ ತಮ್ಮ ಎಂದು ಅವಳು ಮುಂದೆ ಕರೆಯಲಿಲ್ಲ, ಆ ವಿಷಯದಲ್ಲಿ ಅವಳದು ಭಾರಿ ಶಿಸ್ತು. ಆರನೇ ಪ್ರಶ್ನೆಗೆ ಅವನೂ ನಕ್ಕ, ಅವಳೂ ನಕ್ಕಳು. ಮೂರು ದಿನ. ನಾಲ್ಕು ವರ್ಷದಲ್ಲಿ ಹನ್ನೊಂದು ಸಲ ಅವನು ಆ ಬೆಂಚಿನಲ್ಲಿ ಕೂತ, ಹನ್ನೊಂದು ಸಲವೂ ಅವಳು ಅದನ್ನೇ ಬರೆದಳು. ಪ್ರೀತಿಯಿಂದಲೇ ಬರೆದಳು.

ಬುಧವಾರ ಬುಧವಾರ ಎದೆ ಡಾಕ್ಟರು ಬರುತ್ತಿದ್ದರು. ಕೊನೆಗೆ ಬಂದಾಕೆ ಒಬ್ಬಳು ಎಳೆ ವಯಸ್ಸಿನ ಹುಡುಗಿ, ಕನ್ನಡಕದವಳು. ಊದಿದರೆ ಎದೆಯ ಬಲ ತೋರಿಸುವ ಒಂದು ಯಂತ್ರ ಮುಂದಿಟ್ಟುಕೊಂಡು, ಬೆಳಗಿನಿಂದ ಮಧ್ಯಾಹ್ನದ ತನಕ ಖಾಲಿ ಬೆಂಚು ನೋಡುತ್ತ ಕೂರುತ್ತಿದ್ದಳು. ಒಂದು ದಿನ ಬೇಸರ ತಾಳಲಾರದೆ ಗೇಟಿನ ತನಕ ಬಂದಳು. ಸಾಲಿನಲ್ಲಿ ಮೂವತ್ತು ಜನ ಕೆಮ್ಮುತ್ತಿದ್ದರು.

"ಇವರೆಲ್ಲ ಕೆಮ್ತಾ ಇದಾರಲ್ಲಮ್ಮ," ಎಂದಳು ಡಾಕ್ಟರು.

"ಹವಾ ಬದಲಾಯ್ತಲ್ಲ ಡಾಕ್ಟರೇ, ಅದಕ್ಕೆ. ಮೂರು ದಿನದ ಕೆಮ್ಮು," ಎಂದಳು ಅಕ್ಕ.

"ಹಳೇ ಕೆಮ್ಮು ಯಾರಿಗೂ ಇಲ್ವಾ?"

"ನಮ್ಮ ಬೀದಿಯವರು ಗಟ್ಟಿ ಜನ. ಕಲ್ಲಿನ ಜೊತೆ ಇರೋರಲ್ವಾ?"

ಬೆಂಚಿನ ಮೇಲಿದ್ದವರು ಕಿಸಕ್ಕೆಂದು ನಕ್ಕರು, ನಕ್ಕವರಿಗೆ ಮತ್ತೆ ಕೆಮ್ಮು ಬಂತು. ತಮ್ಮನೂ ಅಂದು ಆ ಸಾಲಿನಲ್ಲಿ ಇದ್ದ. ಡಾಕ್ಟರು ಎಲ್ಲರನ್ನೂ ಒಮ್ಮೆ ನೋಡಿ ಒಳಗೆ ಹೋದಳು. ಅಕ್ಕ ಗೆದ್ದ ಖುಷಿಯಲ್ಲಿ ಅಂದು ಎಲ್ಲರಿಗೂ ಟೀ ತರಿಸಿದಳು.

ಮರುವರ್ಷ ಮೇಲಿನ ಕಚೇರಿಯಿಂದ ಒಂದು ತಂಡ ಬಂತು. ಬಡವರಿಗೂ ಬಲ್ಲಿದರಿಗೂ ಆರೋಗ್ಯ ಸಮನಾಗಿ ಹಂಚುವ ಯೋಜನೆ ಎಂದು ಗೋಡೆಗೆ ಬ್ಯಾನರ್ ಕಟ್ಟಿದರು. ಎಲ್ಲಿ ಕಾಯಿಲೆ ಹೆಚ್ಚೋ ಅಲ್ಲಿಗೆ ಡಾಕ್ಟರು, ಎಲ್ಲಿ ತೊಂದರೆ ಹಳೆಯದೋ ಅಲ್ಲಿಗೆ ಯಂತ್ರ. ಅದಕ್ಕಾಗಿ ಹಳೆಯ ಫಾರಮ್ಮುಗಳನ್ನೆಲ್ಲ ಮೂಟೆಯಲ್ಲಿ ಹೊತ್ತುಕೊಂಡು ಹೋದರು. ತಿಂಗಳ ನಂತರ ಮೂಟೆಗಳು ವಾಪಸು ಬಂದವು, ಜೊತೆಗೇ ಇಸ್ತ್ರಿ ಅಂಗಿಯ ಅಧಿಕಾರಿಯೊಬ್ಬ ಬಂದು, ಇಷ್ಟು ಶುದ್ಧವಾಗಿ, ಒಂದು ಚಿತ್ತಿಲ್ಲದೆ ತುಂಬಿದ ಫಾರಂ ಬೇರೆ ಎಲ್ಲೂ ಸಿಗಲಿಲ್ಲ ಎಂದು ಎಲ್ಲರ ಮುಂದೆ ಅಕ್ಕನ ಕೈ ಕುಲುಕಿ, ಒಂದು ಪೆನ್ನು ಕೊಟ್ಟ. ಕಪ್ಪು ಮೈ, ಬಂಗಾರದ ಬಣ್ಣದ ಕ್ಲಿಪ್ಪು. ಅವಳು ಅದನ್ನು ಮೂರು ತಿಂಗಳು ಬರೆಯದೆ ಡಬ್ಬಿಯಲ್ಲಿಟ್ಟು, ಬಂದವರಿಗೆಲ್ಲ ತೆಗೆದು ತೋರಿಸಿದಳು.

ಆ ಪೆನ್ನಿನ ಬೆಲೆ ಗೊತ್ತಾದದ್ದು ಆಮೇಲೆ. ಲೆಕ್ಕದ ಪ್ರಕಾರ ಈ ಬೀದಿಯಲ್ಲಿ ಹಳೆಯ ಎದೆ ಕಾಯಿಲೆ ಹುಡುಕಿದರೂ ಸಿಗದಷ್ಟು ಕಡಿಮೆ. ಸೇತುವೆಯ ಆಚೆ, ಗುಡ್ಡದ ಮೇಲಿನ ಬಡಾವಣೆಯಲ್ಲಿ ಓದಿದವರು ತಮ್ಮ ಫಾರಂ ತಾವೇ ತುಂಬಿ, ಎರಡು ಸಲ ಸೀನಿದ್ದಕ್ಕೂ 'ಎಂಟು ವರ್ಷದಿಂದ' ಎಂದು ಬರೆದಿದ್ದರು. ಬುಧವಾರದ ಡಾಕ್ಟರನ್ನು ಅಲ್ಲಿಗೆ ಹಾಕಿದರು, ಹಳದಿ ಚೀಟಿ ಮತ್ತು ಮಾಲೀಕರ ಪತ್ರದ ನಿಯಮ ಮಾತ್ರ ಇಲ್ಲೇ ಉಳಿಯಿತು. ಊದುವ ಯಂತ್ರ ಹೋಯಿತು. ಮನೆಯಲ್ಲಿ ಮಲಗಿದವರಿಗೆ ಕೊಡಲು ಬಂದಿದ್ದ ಎರಡು ಉಸಿರಿನ ಯಂತ್ರಗಳೂ ಪೆಟ್ಟಿಗೆ ಒಡೆಯುವ ಮೊದಲೇ ಸೇತುವೆ ದಾಟಿದವು. ಎದೆ ಡಾಕ್ಟರ ಬೆಂಚನ್ನು ಗುಮಾಸ್ತ ಅಕ್ಕನಿಗೇ ಕೊಟ್ಟ. ನಿನಗೆ ಜನ ಜಾಸ್ತಿ, ಇಟ್ಟುಕೋ ಎಂದ.

ಅದೇ ವರ್ಷ ತಮ್ಮ ಬಿದ್ದ. ಮೊದಲು ಚಕ್ರದ ಮುಂದೆ ಬಗ್ಗಲು ಆಗದಾಯಿತು, ಆಮೇಲೆ ಮಲಗಲು ಆಗದಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಗಲೆಲ್ಲ ಮಂಚದ ತುದಿಯಲ್ಲಿ ಕೂತು, ಮುಂದೆ ದಿಂಬುಗಳನ್ನು ಒಟ್ಟಿಕೊಂಡು ಅದರ ಮೇಲೆ ಹಣೆ ಊರುತ್ತಿದ್ದ. ಒಂದು ಮಾತು ಮುಗಿಸಲು ಮೂರು ಸಲ ನಿಲ್ಲಬೇಕಿತ್ತು. ಮಕ್ಕಳು ತಾತ ಎನ್ನುವುದನ್ನು ತಾವಾಗಿಯೇ ಬಿಟ್ಟರು. ಬೇಕಾಗಿದ್ದುದು ಒಂದೇ, ಆ ಉಸಿರಿನ ಯಂತ್ರ. ಮೂಗಿಗೆ ನಳಿಕೆ ಇಟ್ಟರೆ ಆದೀತು, ಹೆಚ್ಚಲ್ಲದಿದ್ದರೂ ಒಂದಷ್ಟು ವರ್ಷ ಮಲಗಿ ನಿದ್ದೆ ಮಾಡಿಯಾನು ಎಂದು ಆಸ್ಪತ್ರೆಯ ಡಾಕ್ಟರೇ ಹೇಳಿದರು.

ಅಕ್ಕ ತಾನೇ ಫಾರಂ ತುಂಬಿದಳು. ಆರನೆಯ ಪ್ರಶ್ನೆಗೆ ಹನ್ನೆರಡು ವರ್ಷದಲ್ಲಿ ಮೊದಲ ಸಲ ಬೇರೆ ಉತ್ತರ ಬರೆದಳು, 'ನಾಲ್ಕು ವರ್ಷ'. ಗುಮಾಸ್ತ ಫಾರಂ ತೆಗೆದುಕೊಂಡು ಹಳೆಯ ದಾಖಲೆ ತೆರೆದ. ಕೆಟ್ಟವನಲ್ಲ, ಹಲ್ಲುನೋವಿನ ಮನುಷ್ಯ, ಯಾವಾಗಲೂ ಒಂದು ಕೆನ್ನೆ ಹಿಡಿದುಕೊಂಡಿರುತ್ತಿದ್ದ.

"ಯಂತ್ರಕ್ಕೆ ಕನಿಷ್ಠ ಆರು ತಿಂಗಳು ಕಾಯಿಲೆ ಅಂತ ದಾಖಲೆಲಿ ಇರ್ಬೇಕು," ಎಂದ. ಬೆರಳಿಟ್ಟು ಎಣಿಸಿದ. "ಮೂರು, ಆರು, ಒಂಬತ್ತು..." ಎಂದು ಹನ್ನೊಂದು ಸಾಲು ಇಳಿದ. "ಒಟ್ಟು ಮೂವತ್ಮೂರು ದಿನ ಆಗತ್ತೆ ಅಕ್ಕ. ಅದೂ ನಾಲ್ಕು ವರ್ಷದಲ್ಲಿ. ಇದು ನೋಡಿದ್ರೆ ನನಗಿಂತ ಗಟ್ಟಿ ಇದಾನೆ."

"ಅದು ಸುಳ್ಳು. ನಾನೇ ಬರೆದಿದ್ದು."

"ನೀವು ಬರೆದಿದ್ದು ಅಂತ ನನಗೂ ಗೊತ್ತು. ಅಕ್ಷರ ಕಾಣ್ತಿದೆಯಲ್ಲ."

"ಬಂದು ಅವನನ್ನ ಒಂದ್ಸಲ ನೋಡಿ. ಹತ್ತು ಹೆಜ್ಜೆ ಮನೆ."

"ನಾನು ನೋಡಿ ಏನ್ ಮಾಡ್ಲಿ? ಮೇಲಿನವರು ನೋಡೋದು ಇದನ್ನ," ಎಂದು ಗುಮಾಸ್ತ ದಾಖಲೆಯ ಮೇಲೆ ತಟ್ಟಿದ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಆ ಕಿಟಕಿಯಲ್ಲಿ ಹುಣ್ಣು ತೋರಿಸಿದರೆ ಕನ್ನಡಿ ಕೇಳುತ್ತಿದ್ದರು, ಕನ್ನಡಿಯ ಮೇಲೆ ಹನ್ನೆರಡು ವರ್ಷ ಮಸಿ ಬಳಿದವಳು ಇವಳೇ. ಗುಮಾಸ್ತನಿಗೂ ಸಂಕಟವಾಗಿರಬೇಕು. ದನಿ ತಗ್ಗಿಸಿ ಒಂದು ದಾರಿ ಹೇಳಿದ. ನನ್ನ ಫಾರಮ್ಮಿನಲ್ಲಿ ಬರೆದದ್ದು ತಪ್ಪು, ನನಗೆ ಕೆಮ್ಮು ಇದ್ದದ್ದು ವರ್ಷಗಟ್ಟಲೆ ಎಂದು ಹತ್ತು ಜನ ಹೆಬ್ಬೆಟ್ಟು ಒತ್ತಿಕೊಟ್ಟರೆ, ಇಡೀ ದಾಖಲೆಯನ್ನೇ ಮರಳಿ ನೋಡಿ ಎಂದು ಅವನು ಮೇಲಕ್ಕೆ ಬರೆಯುತ್ತಾನೆ. ಹತ್ತು ಜನ ಸಾಕು.

ಹತ್ತು ಜನ ಯಾವ ಲೆಕ್ಕ ಎಂದುಕೊಂಡು ಅಕ್ಕ ಮನೆಮನೆಗೆ ಹೊರಟಳು. ಅವಳ ಉಪಕಾರ ಮುಟ್ಟದ ಮನೆ ಆ ಓಣಿಯಲ್ಲಿ ಇರಲಿಲ್ಲ. ಮೊದಲನೆಯ ಮನೆಯಲ್ಲಿ ಕೂರಿಸಿ ನೀರು ಕೊಟ್ಟು, ಯಜಮಾನರು ಬರಲಿ ಎಂದರು. ಯಜಮಾನ ಹಿಂದಿನ ಕೋಣೆಯಲ್ಲಿ ಕೆಮ್ಮು ಅದುಮುತ್ತಿದ್ದುದು ಅವಳಿಗೆ ಕೇಳಿಸಿತು. ಎರಡನೆಯ ಮನೆಯಲ್ಲಿ ಮಸಿ ಹಚ್ಚಿದ ಹೆಬ್ಬೆರಳು ಹಾಳೆಯ ತನಕ ಬಂದು ಹಿಂದೆ ಹೋಯಿತು. ಐದನೆಯ ಮನೆಯಲ್ಲಿ, ಅವಳ ಜೊತೆಗೇ ಬೆಳೆದ ಗೆಳತಿ ಟೀ ಕೊಟ್ಟು, ಕುಡಿದಾದ ಮೇಲೆ ಹೇಳಿದಳು.

"ಹೆಬ್ಬೆಟ್ಟು ಒತ್ತಿದ ಹಾಳೆ ಶೆಡ್ಡಿಗೆ ಗೊತ್ತಾಗದೆ ಇರತ್ತಾ? ನಿನ್ನ ತಮ್ಮ ಒಬ್ಬನಿಗೋಸ್ಕರ ಹತ್ತು ಮನೆ ಒಲೆ ಆರಿಸ್ಬೇಡ ಕಣೇ."

"ನಾನು ಇಷ್ಟು ವರ್ಷ ಬರೆದಿದ್ದು ನಿಮ್ಮ ಒಲೆ ಉರೀಲಿ ಅಂತ್ಲೇ."

"ಅದಕ್ಕೇ ಹೇಳ್ತಿರೋದು. ಇಷ್ಟು ದಿನ ಮಾಡಿದ ಪುಣ್ಯನ ನೀನೇ ಯಾಕೆ ಹಾಳ್ಮಾಡ್ಕೋತೀಯ."

ನಾಲ್ಕು ದಿನ ತಿರುಗಿದರೂ ಹಾಳೆ ಬೆಳ್ಳಗೇ ಉಳಿಯಿತು. ಐದನೆಯ ದಿನ ಗರಗಸದಜ್ಜ ತಾನಾಗಿ ಕೋಲೂರಿಕೊಂಡು ಬಂದ. ಕೆಲಸ ಹೋದ ಮೇಲೆ ಧೂಳಿನಿಂದ ದೂರವಾಗಿ, ಸಂತೆಯಲ್ಲಿ ಮೂಟೆ ಕಾಯುತ್ತ, ಅವನು ಇನ್ನೂ ಬದುಕಿದ್ದ. ಅವನ ಜೊತೆಗೆ ದುಡಿದವರಲ್ಲಿ ಬದುಕಿದ್ದವನು ಅವನೊಬ್ಬನೇ. ಇದನ್ನು ಅಕ್ಕ ಅಲ್ಲಿಯ ತನಕ ಲೆಕ್ಕ ಹಾಕಿಯೇ ಇರಲಿಲ್ಲ.

"ನಾನು ಒತ್ತುತೀನಿ ಕೊಡಮ್ಮ. ನನ್ನ ಹೆಸರನ್ನ ಯಾರೂ ಕೂಗಲ್ಲ, ನನಗ್ಯಾರ ಹೆದರಿಕೆ?" ಎಂದು ಹೆಬ್ಬೆರಳು ಚಾಚಿದ.

ಅವಳು ಸಂಭ್ರಮದಿಂದ ಮಸಿ ಹಚ್ಚಿ, ಒತ್ತಿಸಿ, ಗುಮಾಸ್ತನ ಬಳಿಗೆ ಓಡಿದಳು. ಗುಮಾಸ್ತ ಹನ್ನೆರಡು ವರ್ಷದ ಹಿಂದಿನ ಕಟ್ಟು ಬಿಚ್ಚಿ ಆ ಫಾರಂ ಹುಡುಕಿ ತೆಗೆದ. 'ಎರಡು ವರ್ಷ' ಎಂದಿತ್ತು.

"ಇದರಲ್ಲಿ ತಪ್ಪೇನಿದೆ ಅಕ್ಕ? ನಿಜಾನೇ ಬರೆದಿದೀರಲ್ಲ. ಇದು ಲೆಕ್ಕಕ್ಕೆ ಬರಲ್ಲ," ಎಂದು ಹಾಳೆಯನ್ನು ಹಿಂದಕ್ಕೆ ತಳ್ಳಿದ.

ಉಳಿದದ್ದು ಸೇತುವೆಯ ದಾರಿ. ಬುಧವಾರ ತಮ್ಮನನ್ನು ಎರಡು ಬಸ್ಸು ಬದಲಾಯಿಸಿ ಗುಡ್ಡದ ಆಸ್ಪತ್ರೆಗೆ ಕರೆದೊಯ್ದಳು. ಬಸ್ ನಿಲ್ದಾಣದಿಂದ ಮೇಲಕ್ಕೆ ಇಪ್ಪತ್ತೆಂಟು ಮೆಟ್ಟಿಲು. ಎದೆ ಕಾಯಿಲೆಯ ಆಸ್ಪತ್ರೆಯನ್ನು ಮೆಟ್ಟಿಲಿನ ತುದಿಗೆ ಕಟ್ಟಿದ ಬುದ್ಧಿವಂತ ಯಾರೋ. ತಮ್ಮ ಎಂಟನೆಯ ಮೆಟ್ಟಿಲಿಗೆ ಕೂತುಬಿಟ್ಟ. ಅವಳು ಅವನನ್ನು ಚಿಕ್ಕಂದಿನಂತೆ ಹೊರಲು ನೋಡಿದಳು. ಈಗ ಹೊರಬಹುದಿತ್ತು, ಅಷ್ಟು ಹಗುರಾಗಿದ್ದ. ಉಸಿರಿಗೇ ಉಸಿರು ಸಾಲದವನು ಅಕ್ಕನ ಬೆನ್ನ ಮೇಲೆ ನಗಲು ಪ್ರಯತ್ನಿಸಿದ.

"ಅಕ್ಕ... ಜನ ನೋಡ್ತಾರೆ."

"ನೋಡ್ಲಿ ಬಿಡು ಮರಿ."

ಕನ್ನಡಕದ ಡಾಕ್ಟರು ಅವಳನ್ನು ನೋಡಿದ ಕೂಡಲೇ ಗುರುತಿಸಿದಳು. ಬೇರೆ ಬೀದಿಯ ಕಾರ್ಡು ಇಲ್ಲಿ ನಡೆಯುವುದಿಲ್ಲ ಎಂದು ಬಾಗಿಲಿನವನು ತಡೆದರೂ ಒಳಗೆ ಕರೆದಳು. ಯಂತ್ರಕ್ಕೆ ಊದಿಸಿದಳು. ಮುಳ್ಳು ಅಲುಗಿತು, ಏರಲಿಲ್ಲ. ಎರಡನೆಯ ಸಲ ಅಲುಗಲೂ ಇಲ್ಲ. ಉಸಿರಿನ ಯಂತ್ರಗಳೆರಡೂ ಗುಡ್ಡದ ಎರಡು ಮನೆಗೆ ಹೋಗಿ ಎಷ್ಟೋ ತಿಂಗಳಾಗಿತ್ತು, ಮುಂದೆ ಬರುವುದಕ್ಕೆ ಹದಿನೇಳು ಹೆಸರು ಕಾಯುತ್ತಿದ್ದವು. ಎಲ್ಲವೂ ದಾಖಲೆ ಸರಿಯಿದ್ದ ಹೆಸರುಗಳು. ಡಾಕ್ಟರು ತಮ್ಮನನ್ನು ಹೊರಗೆ ಕೂರಿಸಿ ಬಂದು, ಅಕ್ಕನ ಎದುರು ನಿಂತಳು.

"ಎರಡು ವರ್ಷ ನಾನು ನಿಮ್ಮ ಗೇಟಿನೊಳಗೇ ಕೂತಿದ್ದೆ," ಎಂದಳು. "ಆಗ ಬಂದಿದ್ರೆ ಧೂಳಿಂದ ಬಿಡಿಸಬಹುದಿತ್ತು. ಬೆಂಚು ಖಾಲಿ ಇತ್ತು. ನಾನೇ ಬಂದು ನಿಮ್ಮನ್ನ ಕೇಳಿದ್ದೆ."

ಪತ್ರ, ಸೋಮವಾರ, ಮೇಸ್ತ್ರಿ, ಗೇಟು, ಅಕ್ಕನಿಗೆ ಹೇಳಲು ಎಷ್ಟೋ ಇತ್ತು. ಹೇಳಿದ್ದರೆ ಅವೆಲ್ಲ ನಿಜವೇ. ಆದರೆ ಅಂದು ಬೆಂಚಿನ ಮೇಲೆ ಎದ್ದ ನಗು ಕಿವಿಯಲ್ಲಿ ತುಂಬಿಕೊಂಡಿತ್ತು. ಈ ಹುಡುಗಿಯ ಮೇಲೆ ಅವಳಿಗೆ ಕೋಪ ಬಂತು. ನೀನು ಇನ್ನೊಂದು ಸಲ ಯಾಕೆ ಕೇಳಲಿಲ್ಲ ಎಂದು ಕೋಪ ಬಂತು.

ಇಪ್ಪತ್ತು ದಿನ ಕಳೆಯಿತು. ಒಂದು ಬೆಳಗ್ಗೆ, ಶೆಡ್ಡುಗಳ ಚಕ್ರ ಆಗಷ್ಟೇ ಶುರುವಾಗಿತ್ತು, ತಮ್ಮ ದಿಂಬಿನ ಮೇಲೆ ಹಣೆ ಊರಿಕೊಂಡಿದ್ದ ಹಾಗೇ ಹೋದ. ಅಕ್ಕ ಅವನಿಗೆ ಗಂಜಿ ಆರಿಸುತ್ತಿದ್ದಳು. ಕೆಮ್ಮು ನಿಂತದ್ದು ಕೇಳಿ, ಸದ್ಯ ನಿದ್ದೆ ಹತ್ತಿತು ಎಂದುಕೊಂಡು, ಲೋಟ ಸದ್ದಾಗದಂತೆ ಕೆಳಗಿಟ್ಟಳು. ಗಂಜಿಯ ಮೇಲೆ ಕೆನೆ ಕಟ್ಟುವ ತನಕ ಹಾಗೇ ಕೂತಿದ್ದಳು.

ಮನೆಯಲ್ಲಿ ಸತ್ತವರಿಗೂ ಒಂದು ಫಾರಂ ಇತ್ತು. ಅದರಲ್ಲೂ ಒಂದು ಪ್ರಶ್ನೆ, ಸಾಯುವ ಮೊದಲು ಕಾಯಿಲೆ ಎಷ್ಟು ಕಾಲ ಇತ್ತು ಎಂಬುದು. ಮಣ್ಣು ಮಾಡಿ ಬಂದ ಮರುದಿನ ಮೇಸ್ತ್ರಿ ಬಾಗಿಲಿಗೆ ಬಂದು, ಒಳಗೆ ಬರದೆ, ತಮ್ಮನ ಹೆಂಡತಿಯ ಜೊತೆ ಮಾತಾಡಿ ಹೋದ. ಅವಳು ಬಂದು ಅಕ್ಕನ ಪಕ್ಕ ಕೂತಳು. ಹೆಚ್ಚು ಮಾತಿನವಳಲ್ಲ, ಅತ್ತು ಅತ್ತು ಮುಖ ಬಾತಿತ್ತು.

"ಅವರ ಜಾಗ ನನಗೆ ಕೊಡ್ತಾರಂತೆ ಅಕ್ಕ. ಕಾಗದದಲ್ಲಿ ಹಳೇ ಕಾಯಿಲೆ ಅಂತ ಇರ್ಬಾರ್ದಂತೆ."

"ನಾಲ್ಕು ವರ್ಷ ಸತ್ತಿದಾನೆ ಕಣೇ ಅವನು. ಇದೊಂದಾದ್ರೂ ನಿಜ ಬರೀತೀನಿ."

"ನಿಜ ಬರೆದ್ರೆ ಎದ್ದು ಬರ್ತಾರಾ?" ಎಂದಳು ಅವಳು. ದನಿ ಏರಿಸಲಿಲ್ಲ. "ಊರಿಗೆಲ್ಲ ಬರ್ಕೊಟ್ರಿ. ನನ್ನ ಮಕ್ಕಳಿಗೆ ಬರ್ಕೊಡಲ್ವಾ?"

ಅಕ್ಕ ಡಬ್ಬಿಯಿಂದ ಬಹುಮಾನದ ಪೆನ್ನು ತೆಗೆದು 'ಮೂರು ದಿನ' ಎಂದು ಬರೆದಳು. ಗುಮಾಸ್ತ ಅದನ್ನು ತೆಗೆದುಕೊಂಡು, ಕೆನ್ನೆ ಹಿಡಿದುಕೊಂಡೇ ಬಹಳ ಹೊತ್ತು ನೋಡಿದ. ಆಮೇಲೆ ಹಳೆಯ ಹನ್ನೊಂದರ ಕೆಳಗೆ ಹನ್ನೆರಡನೆಯ ಸಾಲು ಸೇರಿಸಿ, ಮೂವತ್ತಾರು ಎಂದು ಒಟ್ಟು ಹಾಕಿ ಮೊಹರು ಒತ್ತಿದ. ಮುಂದಿನ ಸೋಮವಾರ ಮೇಸ್ತ್ರಿ ತಮ್ಮನ ಹೆಂಡತಿಯ ಹೆಸರು ಕೂಗಿದ.

ಅವಳನ್ನು ಹಾಕಿದ್ದು ಅದೇ ಚಕ್ರಕ್ಕೆ. ಸಂಜೆ ಬೆಳ್ಳಗಾಗಿ ಬಂದು, ಕೈಕಾಲು ತೊಳೆದು ಮಲಗುತ್ತಿದ್ದಳು. ಐದು ತಿಂಗಳಿಗೆ ಕೆಮ್ಮು ಹತ್ತಿತು. ಅಕ್ಕ ಕೇಳಿಸಿಕೊಂಡಳು. ಒಂದು ವಾರ, ಮೂರು ವಾರ, ಆರು ವಾರ, ಅಡುಗೆಮನೆಯ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತ ಹೋದಳು. ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ತಮ್ಮನ ಹೆಂಡತಿ ಬೆಂಚಿನ ಸಾಲಿನಲ್ಲಿ ಬಂದು ಕೂತಳು. ಸರದಿ ಬಂದಾಗ ಮುಂದೆ ಸರಿದಳು. ಆರನೆಯ ಪ್ರಶ್ನೆಗೆ ಅಕ್ಕ ಮುಖ ಎತ್ತಲಿಲ್ಲ.

"ಬರ್ಕೊಳ್ಳಿ ಅಕ್ಕ," ಎಂದಳು ಅವಳು.

ಅಕ್ಕ ಬರೆದಳು. 'ಎರಡು ತಿಂಗಳು.' ದುಂಡಗೆ, ಚಿತ್ತಿಲ್ಲದೆ ಬರೆದಳು. ಓದಲು ಬಾರದ ತಮ್ಮನ ಹೆಂಡತಿ ಹಾಳೆಯನ್ನು ನಂಬಿಕೆಯಿಂದ ಹಿಡಿದು ಕಿಟಕಿಗೆ ಹೋದಳು. ಅಕ್ಕ ಮನಸ್ಸಿನಲ್ಲೇ ಎಲ್ಲ ಗೊತ್ತುಮಾಡಿಕೊಂಡಿದ್ದಳು. ಕೆಲಸ ಹೋಗಲಿ, ಮಕ್ಕಳನ್ನು ನಾನು ಸಾಕುತ್ತೇನೆ. ಒಬ್ಬನನ್ನು ಸಾಕಿದವಳು ಇಬ್ಬರನ್ನು ಸಾಕಲಾರೆನೇ? ಗರಗಸದಜ್ಜನ ಹಾಗೆ ಇವಳಾದರೂ ಮುದುಕಿಯಾಗಲಿ.

ಕಿಟಕಿಯಿಂದ ಹಳದಿ ಚೀಟಿ ಬಂತು.

ಅಕ್ಷರ ಬಾರದಿದ್ದರೂ ಆ ಬಣ್ಣ ಓದಲು ಬಾರದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ತಮ್ಮನ ಹೆಂಡತಿ ಚೀಟಿಯನ್ನು ನೋಡಿದಳು, ತಿರುಗಿ ಅಕ್ಕನನ್ನು ನೋಡಿದಳು. ಬೆಂಚಿನ ಮೇಲಿದ್ದವರೆಲ್ಲ ನೋಡಿದರು. ಅವಳು ನಿಧಾನವಾಗಿ ನಡೆದು ಬಂದು, ಚೀಟಿಯನ್ನು ನಾಲ್ಕು ಮಡಿಕೆ ಮಡಚಿ ಅಕ್ಕನ ಮೇಜಿನ ಮೇಲಿಟ್ಟಳು. ಅದು ಹಾರದಂತೆ ಮೇಲೆ ಪೆನ್ನಿನ ಡಬ್ಬಿ ಇಟ್ಟಳು. ಆಮೇಲೆ ಪಕ್ಕದ ಮೇಜಿಗೆ ಹೋಗಿ ಕಂಡಕ್ಟರನ ಮುಂದೆ ಕೂತಳು.

"ಹೊಸಾದೊಂದು ಬರ್ಕೊಡಿ," ಎಂದಳು.

ಕಂಡಕ್ಟರ್ ಅಕ್ಕನ ಕಡೆ ಒಮ್ಮೆ ನೋಡಿ, ಕಣ್ಣು ತಪ್ಪಿಸಿ, ಫಾರಂ ತೆಗೆದ. ಐದು ಪ್ರಶ್ನೆ ಮುಗಿಸಿ ಆರಕ್ಕೆ ಬಂದ.

"ಮೂರು ದಿನ," ಎಂದಳು ಅವಳು, ಬೀದಿಗೆಲ್ಲ ಕೇಳುವಂತೆ. ಅವನು ಬರೆದು, ಟಿಕೆಟ್ಟಿನಂತೆ ಎರಡು ಬೆರಳಲ್ಲಿ ಹಿಡಿದು ಕೊಟ್ಟ.

ಬಿಳಿ ಚೀಟಿ ಸಿಕ್ಕಿತು. ಅವಳು ಒಳಗೆ ಹೋಗಿ ಕೆಂಪು ಔಷಧದ ಬಾಟಲಿಯೊಂದಿಗೆ ಹೊರಬಂದಳು. ಅಕ್ಕನ ಮೇಜಿನ ಮುಂದೆ ಒಂದು ಕ್ಷಣ ನಿಂತಳು.

"ಮಕ್ಕಳಿಗೆ ಊಟ ಹಾಕ್ಬಿಡಿ. ಇವತ್ತು ಎರಡು ಪಾಳಿ ಇದೆ," ಎಂದು ಹೇಳಿ, ಸೆರಗನ್ನು ಮೂಗಿಗೆ ಸುತ್ತಿಕೊಂಡು ರಸ್ತೆ ದಾಟಿದಳು.

ಅಕ್ಕ ಪೆನ್ನು ಹಿಡಿದುಕೊಂಡು, ಮುಂದಿನವರು ಬನ್ನಿ ಎಂದಳು. ಬೆಂಚಿನ ತುದಿಯಲ್ಲಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಕಂಡಕ್ಟರನ ಕಡೆ ಹೋದಳು. ಅವಳ ಹಿಂದೆ ಕೋಲು ಹಿಡಿದ ಮುದುಕನೊಬ್ಬ ಹೋದ, ಗೆಳತಿಯ ಗಂಡ ಹೋದ, ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಕಂಡಕ್ಟರನ ಮೇಜಿನ ಮುಂದೆ ಸಾಲು ರಸ್ತೆಯ ತನಕ ಬೆಳೆಯಿತು, ಕೆಮ್ಮುತ್ತ ಬೆಳೆಯಿತು. ಅಕ್ಕನ ಮುಂದೆ ಎದೆ ಡಾಕ್ಟರ ಬೆಂಚು ಖಾಲಿಯಾಗಿತ್ತು. ಅವಳು ಮಧ್ಯಾಹ್ನದ ತನಕ ಅದನ್ನೇ ನೋಡುತ್ತ ಕೂತಿದ್ದಳು.